ಅರಿಶಿಣ ಹಚ್ಚಿದ ಕೂಸು

ಮಸ್ಕತ್ತಿನಲ್ಲಿ ನಾನು ಹೆತ್ತ ಐದನೆಯ ದಿನ ಕೂಸು ಹಾಲು ಕುಡಿಯುವುದನ್ನೇ ಬಿಟ್ಟಿತು. ಅಲ್ಲಿನ ಆಸ್ಪತ್ರೆಯವರ ಮಾತು ತಿಳಿಯದೆಂಬ ಅಂಜಿಕೆಯಿಂದ, ಬಳ್ಳಾರಿಯ ಪಾರ್ವತಿನಗರದ ಮಕ್ಕಳ ಡಾಕ್ಟರಿಗೆ ವಿಡಿಯೋ ಕರೆ ಮಾಡಿದೆ. ಬಾಣಂತನಕ್ಕೆಂದು ಸಿರುಗುಪ್ಪದಿಂದ ಬಂದಿದ್ದ ಅವ್ವ ಆಗಷ್ಟೇ ಕೂಸಿಗೆ ಎರೆದು, ಮೈತುಂಬ ಅರಿಶಿಣ ಹಚ್ಚಿದ್ದಳು.

“ಏನ್ರಿ ಅಮ್ಮಾ, ಕೂಸಿಗೆ ಮದಿವಿ ಇಟ್ಕೊಂಡೀರೇನು? ಇದು ಕಾಮಾಲಿನೋ ಅರಿಶಿಣನೋ ನನಗ ಹೆಂಗ ಗೊತ್ತಾಗಬೇಕು? ತೊಳದು ಕಿಟಕಿ ಹತ್ರ ಹಿಡೀರಿ,” ಎಂದರು ಡಾಕ್ಟರು.

ಅವ್ವ ಕಡಲೆಹಿಟ್ಟು ಹಚ್ಚಿ ತೊಳೆದಳು. ಬಣ್ಣ ಹೋಗಲಿಲ್ಲ. “ನಮ್ಮೂರಿನ ಅರಿಶಿಣ ರೀ, ಗಟ್ಟಿ ಐತಿ,” ಎಂದಳು. ಮತ್ತೆ ಉಜ್ಜತೊಡಗಿದಳು.

“ಕಣ್ಣು ತೋರಿಸ್ರಿ. ಕಣ್ಣಿಗೆ ಯಾರೂ ಅರಿಶಿಣ ಹಚ್ಚಂಗಿಲ್ಲ.”

ಕೂಸು ಕಣ್ಣೇ ತೆರೆಯದು. ಅಂಗಾಲು ಚಿವುಟಿದೆ, ಏಳಲಿಲ್ಲ. ಕೊನೆಗೆ ನಾನೇ ರೆಪ್ಪೆ ಸರಿಸಿದೆ. ಬಿಳಿ ಇರಬೇಕಾದಲ್ಲಿ ಹಳದಿ ಇತ್ತು.

“ಅಲ್ಲೇ ಆಸ್ಪತ್ರಿಗೆ ಓಡ್ರಿ, ಈಗಿಂದೀಗ! ಇಲ್ಲಿ ಕುಂತು ನನಗೇನೂ ಮಾಡಾಕ ಆಗಂಗಿಲ್ಲ,” ಎಂದು ಡಾಕ್ಟರು ಕೂಗಿದರು.

ಅವ್ವ ಮಾತ್ರ ಕೂಸಿನ ಎದೆ ಉಜ್ಜುತ್ತಲೇ ಇದ್ದಳು. “ತಡಿಯವ್ವಾ, ಇನ್ನೊಂದ್ಸಲ ತೊಳೀತೀನಿ, ಹೋಗತೈತಿ.”

ಅವಳ ಕೈಯಿಂದ ಕೂಸನ್ನು ಕಿತ್ತುಕೊಂಡು, ಒದ್ದೆಮೈಯಲ್ಲೇ ಸೆರಗಿನಲ್ಲಿ ಸುತ್ತಿ, ಮೆಟ್ಟಿಲಿಳಿದು ಓಡಿದೆ.