ಮೂರೂಕಾಲಿಗೆ ಸೊನ್ನೆ

ನನಗೆ ಕೋಪ ಮೂಗಿನ ತುದಿಯಲ್ಲೇ. ಈಗ ಸ್ವಲ್ಪ ಇಳಿದಿದೆ ಎಂದು ಮನೆಯವಳು ಹೇಳುತ್ತಾಳೆ, ಅವಳು ಹೇಳುವುದೆಲ್ಲ ನಿಜವೇನಲ್ಲ. ಅರವತ್ತರ ದಶಕದ ಮೊದಲಲ್ಲಿ ಹೊಸನಗರದ ಕಡೆಯ ಒಂದು ಶಾಲೆಗೆ ಗಣಿತದ ಮೇಷ್ಟ್ರಾಗಿ ಹೋದಾಗ ನನಗೆ ಇಪ್ಪತ್ತೆರಡು ವರ್ಷ. ತೀರ್ಥಹಳ್ಳಿಯಲ್ಲಿ ಓದಿ ಬಂದವನು ಎಂಬ ಜಂಬ ಬೇರೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ.

ಶಾಲೆಯಲ್ಲಿ ಗಡಿಯಾರವಿರಲಿಲ್ಲ. ನನ್ನ ಕೈಯಲ್ಲೂ ವಾಚಿರಲಿಲ್ಲ. ಸಾಗರದ ಬಸ್ಸು ಬಂದರೆ ಹತ್ತೂವರೆ, ಗಂಟೆ ಬಾರಿಸು. ಬಸ್ಸು ಕೆಟ್ಟು ನಿಂತ ದಿನ ಪ್ರಾರ್ಥನೆಯೂ ತಡ. ಹೀಗಿರುವಾಗ ಗಡಿಯಾರದ ಮುಳ್ಳುಗಳ ನಡುವಿನ ಕೋನದ ಲೆಕ್ಕ ಕಲಿಸಬೇಕಲ್ಲ? ಅಂಗಡಿಯಿಂದ ಚಹಾಪುಡಿ ಪೆಟ್ಟಿಗೆಯ ಹಲಗೆ ಕೇಳಿ ತಂದು ಗುಂಡಗೆ ಕೊಯ್ದೆ, ಸುಣ್ಣ ಬಳಿದೆ, ಹನ್ನೆರಡು ಅಂಕಿ ಬರೆದೆ. ಬಿದಿರಿನ ಎರಡು ಕಡ್ಡಿಗಳೇ ಮುಳ್ಳು, ನಡುವೆ ಒಂದು ಮೊಳೆ. ಒಂದು ಕಡ್ಡಿ ತಿರುಗಿಸಿದರೆ ಇನ್ನೊಂದು ಇದ್ದಲ್ಲೇ ಇರುತ್ತಿತ್ತು.

ಒಂದು ಅಂಕಿಯಿಂದ ಮುಂದಿನ ಅಂಕಿಗೆ ಮೂವತ್ತು ಡಿಗ್ರಿ. ಎರಡು ಮುಳ್ಳುಗಳ ನಡುವೆ ಎಷ್ಟು ಮನೆ ಇದೆಯೋ ಎಣಿಸು, ಮೂವತ್ತರಿಂದ ಗುಣಿಸು. ನನ್ನ ಮೇಷ್ಟ್ರು ನನಗೆ ಕಲಿಸಿದ್ದೂ ಇಷ್ಟೇ. ಮೂರು ಗಂಟೆಗೆ ತೊಂಬತ್ತು. ಮೂರೂಕಾಲಿಗೆ ಎರಡು ಮುಳ್ಳೂ ಮೂರರ ಮೇಲೆ ಬಂದವು, ಆದ್ದರಿಂದ ಸೊನ್ನೆ.

ಒಬ್ಬ ಹುಡುಗಿ ಎದ್ದು ನಿಂತಳು. ಹದಿಮೂರು ವರ್ಷ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಲೆಕ್ಕದಲ್ಲಿ ಇಡೀ ಶಾಲೆಗೇ ಮುಂದು.

"ನಮ್ಮನೆ ಗಡಿಯಾರದಲ್ಲಿ ಹಂಗಿರಲ್ಲ ಮೇಷ್ಟ್ರೇ. ಮೂರೂಕಾಲಿಗೆ ಸಣ್ಣ ಮುಳ್ಳು ಮೂರು ಬಿಟ್ಟು ಮುಂದೆ ಹೋಗಿರುತ್ತೆ. ಕಾಲು ಗಂಟೆಗೆ ಕಾಲು ಮನೆ ಹೋಗ್ಬೇಕಲ್ವಾ? ಏಳೂವರೆ ಡಿಗ್ರಿ ಆಗುತ್ತೆ."

"ನಿಮ್ಮನೆ ಗಡಿಯಾರ ಕೆಟ್ಟಿದೆ," ಎಂದೆ. ಮಕ್ಕಳು ನಕ್ಕರು.

"ಕೆಟ್ಟಿಲ್ಲ ಮೇಷ್ಟ್ರೇ. ಬೇಕಾದ್ರೆ ಬಂದು ನೋಡಿ."

ಅಬ್ಬಾ, ಆ 'ಬಂದು ನೋಡಿ' ಎಂಬ ಮಾತಿಗೆ ನನಗೆ ಬಂದ ಸಿಟ್ಟು! ರೂಲುದೊಣ್ಣೆ ತೆಗೆದು ಅವಳ ಬೆರಳ ಗೆಣ್ಣಿಗೆ ಎರಡು ಬಿಟ್ಟೆ. 'ಮೂರೂಕಾಲಿಗೆ ಸೊನ್ನೆ' ಎಂದು ನೂರು ಸಲ ಬರೆಸಿದೆ. ಊದಿದ ಬೆರಳಿನಲ್ಲೇ ಬರೆದಳು, ಅಳಲಿಲ್ಲ. ಅವಳ ಮನೆ ಶಾಲೆಯಿಂದ ಒಂದು ಮೈಲಿ. ನಡೆದು ಹೋಗಿ ನೋಡಿ ಬಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಆ ಮನೆಯಾದರೂ ಹೆಚ್ಚು ದಿನ ಉಳಿಯುವಂತಿರಲಿಲ್ಲ. ಶರಾವತಿಗೆ ಅಣೆಕಟ್ಟು ಏಳುತ್ತಿದ್ದ ಕಾಲ ಅದು, ಅವರ ಊರು ಮುಳುಗಡೆಗೆ ಸೇರಿತ್ತು. ಶಿಕಾರಿಪುರದ ಕಡೆ ಸರ್ಕಾರ ಜಾಗ ತೋರಿಸಿತ್ತು. ಸಾಗರದಲ್ಲಿ ವಿದ್ಯಾರ್ಥಿವೇತನದ ಪರೀಕ್ಷೆ ಇತ್ತು, ಗೆದ್ದವರಿಗೆ ಹಾಸ್ಟೆಲಿನಲ್ಲಿ ಊಟ, ಹೈಸ್ಕೂಲು. ಅವಳ ಅಪ್ಪ ಒಂದು ದಿನ ಶಾಲೆಗೆ ಬಂದು, ಒಳಗೆ ಬರದೆ, ಮೆಟ್ಟಿಲ ಮೇಲೆ ನಿಂತೇ ಹೇಳಿದ:

"ಸೀಟು ಸಿಕ್ರೆ ಸಾಗರದಲ್ಲಿ ಬಿಟ್ಟು ಹೋಗ್ತೀನಿ ಮೇಷ್ಟ್ರೇ. ಇಲ್ದಿದ್ರೆ ನಮ್ ಜೊತೆ ಬರ್ಲಿ. ಅಲ್ಲಿ ಕಾಡು ಕಡ್ದು ಗದ್ದೆ ಮಾಡ್ಬೇಕು, ಓದ್ಸೋದು ಎಲ್ಲಿಂದ? ವರ್ಷ ಎರಡು ವರ್ಷದಲ್ಲಿ ಒಂದು ಗಂಡು ನೋಡೋದು."

ಪರೀಕ್ಷೆಗೆ ನಾನೇ ಕರೆದುಕೊಂಡು ಹೋದೆ. ಮಧ್ಯಾಹ್ನ ಎರಡರಿಂದ ನಾಲ್ಕು, ಗಣಿತ. ಬೇರೆ ಊರಿನ ಮೇಷ್ಟ್ರುಗಳು ಹೊರಗೆ ಮರದ ಕೆಳಗೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ನಾನು ಜಗಲಿಯಲ್ಲೇ ನಿಂತೆ. ಅಲ್ಲಿ ಗೋಡೆಯ ಮೇಲೆ ದೊಡ್ಡ ಗಡಿಯಾರವಿತ್ತು. ಮಾಡಲು ಬೇರೆ ಕೆಲಸವಿಲ್ಲದೆ ಅದನ್ನೇ ನೋಡುತ್ತಾ ನಿಂತೆ. ಮೂರಾಯಿತು, ಮೂರು ಹತ್ತಾಯಿತು. ಮೂರೂಕಾಲಾದಾಗ ದೊಡ್ಡ ಮುಳ್ಳು ಮೂರರ ಮೇಲೆ ನೆಟ್ಟಗೆ ನಿಂತಿತ್ತು. ಸಣ್ಣದು ಅಲ್ಲಿರಲಿಲ್ಲ. ಮೂರು ದಾಟಿ, ನಾಲ್ಕರ ದಾರಿಯಲ್ಲಿ ಕಾಲು ಭಾಗ ನಡೆದುಬಿಟ್ಟಿತ್ತು.

ಇಪ್ಪತ್ತೆರಡು ವರ್ಷ ಬದುಕಿದ್ದೆ, ಎಷ್ಟೋ ಗಡಿಯಾರ ಕಂಡಿದ್ದೆ, ಗಂಟೆ ತಿಳಿಯಲು ನೋಡಿದ್ದೆನೇ ಹೊರತು ಮುಳ್ಳನ್ನು ನೋಡಿರಲಿಲ್ಲ. ಕಿಟಕಿಯ ಹತ್ತಿರ ಓಡಿದೆ. ಮೂರನೆಯ ಸಾಲಿನಲ್ಲಿ ಅವಳ ಎರಡು ಜಡೆ ಕಾಣಿಸಿದವು. ತಲೆ ಬಗ್ಗಿಸಿ ಬರೆಯುತ್ತಿದ್ದಳು. ಜವಾನ ಬಂದು, "ಕಿಟ್ಕಿ ಹತ್ರ ನಿಲ್ಬೇಡಿ ಮೇಷ್ಟ್ರೇ, ನಮ್ ಕೆಲ್ಸ ಹೋಗುತ್ತೆ," ಎಂದ. ಆ ಲೆಕ್ಕ ಬಾರದಿರಲಿ ಎಂದು ಸಿಗಂದೂರಮ್ಮನಿಗೆ ಹರಕೆ ಹೊತ್ತೆ.

ನಾಲ್ಕಕ್ಕೆ ಹೊರಗೆ ಬಂದವಳ ಮುಖ ಅರಳಿತ್ತು.

"ಬಂದಿತ್ತು ಮೇಷ್ಟ್ರೇ! ಮೂರೂಕಾಲೇ ಕೇಳಿದ್ರು, ಐದು ಮಾರ್ಕಿಗೆ. ಮೊದ್ಲು ಏಳೂವರೆ ಅಂತ ಬರ್ದಿದ್ದೆ. ಆಮೇಲೆ ನೀವು ಹೇಳಿದ್ದು ನೆನಪಾಯ್ತು, ಹೊಡ್ದು ಹಾಕಿ ಸೊನ್ನೆ ಬರ್ದೆ."

"ಹೂಂ," ಎಂದೆ. ಬಸ್ಸಿಗೆ ಕಾಯುವಾಗ ಹೋಟೆಲಿನಲ್ಲಿ ಅವಳಿಗೆ ಬನ್ಸ್ ಕೊಡಿಸಿದೆ. ಎರಡು ತಿಂದಳು, ದಾರಿಯುದ್ದಕ್ಕೂ ಹಾಸ್ಟೆಲಿನ ಮಾತೇ ಆಡಿದಳು. ಹೇಳಬೇಕಿತ್ತು. ಆನಂದಪುರ ದಾಟುವಷ್ಟರಲ್ಲಿ ಹೇಳುತ್ತೇನೆ, ಊರು ಮುಟ್ಟುವಷ್ಟರಲ್ಲಿ ಹೇಳುತ್ತೇನೆ ಎಂದುಕೊಂಡೇ ಇಳಿದೆ.

ತಿಂಗಳು ಕಳೆದು ಕಾಗದ ಬಂತು. ಸೀಟಿಗೆ ಮೂರು ಅಂಕ ಕಡಿಮೆ.

ಅವರ ಮನೆಗೆ ಆಗ ಹೋದೆ, ಮೊದಲನೆಯ ಸಲ. ಹಂಚು ಇಳಿಸಿ, ತೊಲೆ ಜಂತೆ ಬಿಚ್ಚಿ ಗಾಡಿಗೆ ಹೇರುತ್ತಿದ್ದರು. ಅಪ್ಪ ಕೈ ಒರೆಸಿಕೊಂಡು ಬಂದ.

"ಇಲ್ಲಿ ಪ್ಯಾಟೇಲಿ ಇವಳತ್ತೆ ಇದಾಳೆ. ಇನ್ನೊಂದ್ವರ್ಷ ಅಲ್ಲಿಟ್ಟು ಮತ್ತೆ ಪರೀಕ್ಷೆ ಕಟ್ಟಿಸ್ಬಹುದು ಅಂತಾಳೆ ಅವಳಮ್ಮ. ನೀವೇ ಹೇಳಿ ಮೇಷ್ಟ್ರೇ. ಇವಳ ತಲೆಗೆ ಹತ್ತುತ್ತಾ? ಇಲ್ಲಾ ಇಷ್ಟೇನಾ?"

ಹತ್ತುತ್ತೆ ಮಾರಾಯ, ಅವಳು ಸರಿಯಾಗೇ ಬರೆದಿದ್ದಳು, ತಪ್ಪು ನನ್ನದು ಅನ್ನಬೇಕಿತ್ತು. ಅಷ್ಟು ಅಂದಿದ್ದರೆ ಅವಳನ್ನು ಬಿಟ್ಟು ಹೋಗುತ್ತಿದ್ದ. ಸುತ್ತ ಆಳುಗಳು ನಿಂತಿದ್ದರು, ನನ್ನ ಇಬ್ಬರು ಶಿಷ್ಯರೂ ಇದ್ದರು. ಥೂ, ಆ ಇಬ್ಬರು ಮಕ್ಕಳೆದುರು ಮರ್ಯಾದೆ ಹೋಗುತ್ತದೆಂದು ನಾಲಿಗೆ ಏಳಲಿಲ್ಲ.

"ಅದು ನಿಮಗೆ ಬಿಟ್ಟಿದ್ದು," ಎಂದುಬಿಟ್ಟೆ.

ಅವನು ತಲೆಯಾಡಿಸಿ ಗಾಡಿಯ ಹಗ್ಗ ಬಿಗಿಯಲು ಹೋದ. ಹುಡುಗಿ ಬಂದು ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ಎದ್ದು, ಮೆಲ್ಲಗೆ, ನನಗೊಬ್ಬನಿಗೇ ಕೇಳುವಷ್ಟು ಹೇಳಿದಳು:

"ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ಬೇರೆ ಯಾವ್ದೋ ಲೆಕ್ಕ ತಪ್ಪಿರ್ಬೇಕು. ನೀವು ಹೇಳ್ಕೊಟ್ಟಿದ್ದು ಮಾತ್ರ ಸರಿಯಾಗೇ ಬರ್ದಿದೀನಿ."

"ಒಳ್ಳೇದಾಗ್ಲಿ," ಎಂದೆ.