ನೋಡೋಣ ಎನ್ನುವ ಕಪ್ತಾನರು

ನನ್ನ ಗಂಡ ರಿಫಾತ್ ಕಪ್ತಾನರಿಗೆ ಈಗ ಅರವತ್ತನಾಲ್ಕು. ಈ ಅರವತ್ತನಾಲ್ಕು ವರ್ಷದಲ್ಲಿ ಅವರು ಯಾವ ಮಾತಿಗೂ ನೇರವಾಗಿ ಹೂಂ ಅಂದವರಲ್ಲ, ಊಹೂಂ ಅಂದವರೂ ಅಲ್ಲ. ಎಲ್ಲದಕ್ಕೂ ಒಂದೇ ಉತ್ತರ, ‘ನೋಡೋಣ’. ನನ್ನನ್ನು ಕೇಳಲು ಮನೆಗೆ ಬಂದ ದಿನ, ಹುಡುಗಿ ಒಪ್ಪಿಗೆಯೇನಪ್ಪಾ ಎಂದು ನನ್ನ ತಂದೆ ಕೇಳಿದರೆ, ಈ ಮನುಷ್ಯ ಕಾಫಿ ಬಟ್ಟಲು ಕೆಳಗಿಟ್ಟು ನೋಡೋಣ ಅಂದರಂತೆ. ಅವತ್ತೇ ನನಗೆ ಬುದ್ಧಿ ಬರಬೇಕಿತ್ತು.

ನಮ್ಮೂರು ಬೊಜ್‌ಬುರುನ್, ಕಡಲ ದಡದ ಊರು. ಅರ್ಧ ಊರು ಮರದ ಹಾಯಿದೋಣಿ ಕಟ್ಟುತ್ತದೆ, ಉಳಿದರ್ಧ ಅದರಲ್ಲಿ ಅತಿಥಿಗಳನ್ನು ಕೂರಿಸಿಕೊಂಡು ಕೊಲ್ಲಿಯಿಂದ ಕೊಲ್ಲಿಗೆ ಸುತ್ತಿಸುತ್ತದೆ. ಇವರ ದೋಣಿಯ ಹೆಸರು ನಾಜ್ಲಿ. ಎರಡು ಹಾಯಿಕಂಬ, ಆರು ಕೋಣೆ. ಮೇ ತಿಂಗಳಿಂದ ಸೆಪ್ಟೆಂಬರ್ ಕೊನೆಯವರೆಗೆ ವಾರಕ್ಕೊಂದು ತಂಡ. ದೋಣಿಯ ಮೇಲೆ ಇವರು, ಅಡುಗೆಯ ಶಾಬಾನ್. ದಡದ ಮೇಲೆ ನಾನು. ಹಾಸಿಗೆ ಬಟ್ಟೆ ಒಗೆಯುವುದು, ಕಲ್ಲಂಗಡಿಯನ್ನು ತಟ್ಟಿ ನೋಡಿ ಆರಿಸುವುದು, ಯಾರಿಗೆ ಮೀನು ಆಗದು, ಯಾರ ಮಗುವಿಗೆ ಹಾಲು ಆಗದು, ಯಾವ ರಾತ್ರಿ ಯಾವ ಕೊಲ್ಲಿಯಲ್ಲಿ ಲಂಗರು ಎಂದು ಚೀಟಿ ಬರೆದು ಕೊಡುವುದು, ಎಲ್ಲ ನನ್ನ ಕೆಲಸ. ಮೂವತ್ತೊಂದು ವರ್ಷ ಬರೆದಿದ್ದೇನೆ. ಆ ಕೊಲ್ಲಿಗಳಲ್ಲಿ ಒಂದನ್ನೂ ಕಣ್ಣಾರೆ ಕಂಡಿಲ್ಲ. ನಾಜ್ಲಿ ಹತ್ತಿದ್ದೇನೆ, ಇಲ್ಲವೆನ್ನುವುದಿಲ್ಲ. ದಿಂಬಿನ ಕವರು ಬದಲಿಸುವುದಕ್ಕೆ.

‘ಸೀಸನ್ ಮುಗಿದ ಮೇಲೆ ಒಂದು ವಾರ ನನ್ನನ್ನೂ ಕರ್ಕೊಂಡು ಹೋಗ್ರೀ’ ಎಂದು ನಾನು ಕೇಳುವುದು, ‘ನೋಡೋಣ’ ಎಂದು ಇವರು ಹೇಳುವುದು, ಇದು ಪ್ರತಿ ಶರತ್ಕಾಲದ ಪಾಠ. ನೋಡುವುದಾದರೂ ಎಲ್ಲಿ? ಅಡುಗೆಮನೆ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ. ದಿನಕ್ಕೊಂದು ಹಾಳೆ ಹರಿಯುವ ಆ ಕ್ಯಾಲೆಂಡರಿನಲ್ಲಿ ಬಿರುಗಾಳಿಗಳಿಗೆಲ್ಲ ಹೆಸರಿದೆ, ತಾರೀಕಿದೆ. ಸೆಪ್ಟೆಂಬರ್ ಕೊನೆಗೆ ಕೊಕ್ಕರೆಗಳು ಹೋಗುವ ಬಿರುಗಾಳಿ. ಅಕ್ಟೋಬರ್ ಮೊದಲಲ್ಲಿ ಕುರಿಗಳಿಗೆ ಟಗರು ಬಿಡುವ ಬಿರುಗಾಳಿ. ಆಮೇಲೆ ಮೀನಿನ ಬಿರುಗಾಳಿ. ನಾನು ಯಾವ ದಿನ ಹೇಳಿದರೂ ಆ ದಿನಕ್ಕೊಂದು ಗಾಳಿ ತಯಾರು.

‘ಹತ್ತನೇ ತಾರೀಕು ಹೋಗೋಣ?’ ಅಂದರೆ, ‘ಟಗರು ಗಾಳಿಯ ಬಾಲ ಇರುತ್ತೆ ಕಣೇ.’

‘ಇಪ್ಪತ್ತಕ್ಕೆ?’

‘ಮೀನು ಗಾಳಿಯ ತಲೆ.’

ಬಾಲಕ್ಕೂ ತಲೆಗೂ ನಡುವೆ ಇವರಿಗೆ ಒಂದು ವಾರ ಸಿಗಲಿಲ್ಲ. ಮೂವತ್ತೊಂದು ವರ್ಷ.

ಈ ಆಗಸ್ಟಿನಲ್ಲಿ ನನ್ನ ಮೊಣಕಾಲು ಹಿಡಿದುಕೊಂಡಿತು. ದೋಣಿಗೆ ಹಾಕುವ ಹಲಗೆಯ ಮೇಲೆ ಬಟ್ಟೆಯ ಗಂಟು ಹೊತ್ತು ನಡೆಯುವಾಗ ಅರ್ಧದಲ್ಲೇ ನಿಂತುಬಿಟ್ಟೆ. ಇನ್ನೆರಡು ವರ್ಷ ಹೋದರೆ ಈ ಹಲಗೆ ದಾಟಲೂ ಆಗದು, ಈ ವರ್ಷ ಹೋಗದಿದ್ದರೆ ಇನ್ನು ಹೋದ ಹಾಗೆಯೇ ಎಂದು ಆ ಕ್ಷಣ ಗೊತ್ತಾಯಿತು. ಮನೆಗೆ ಬಂದವಳೇ ಫಿದಾನಳಿಗೆ ಫೋನ್ ಮಾಡಿದೆ. ಫಿದಾನ್ ನನ್ನ ಅಕ್ಕನ ಮಗಳು, ಮರ್ಮಾರಿಸ್‌ನಲ್ಲಿದ್ದಾಳೆ. ನಾಜ್ಲಿಗೆ ಅತಿಥಿಗಳನ್ನು ಗೊತ್ತುಮಾಡುವವಳು ಅವಳೇ.

‘ಅಕ್ಟೋಬರ್ ಎರಡನೇ ವಾರಕ್ಕೆ ಒಂದು ಹೆಸರು ಬರ್ಕೋ’ ಅಂದೆ. ‘ಬೆಲ್ಕಿಸ್ ಹಾನಿಮ್ ಅಂತ, ಅಂಕಾರಾದ ಅಮ್ಮನವರು. ಒಬ್ಬರೇ.’

‘ಇಡೀ ದೋಣಿಗೆ ಒಬ್ಬರೇನಾ? ಯಾರು ಚಿಕ್ಕಮ್ಮ ಅದು?’

‘ನಾನು.’

ಫಿದಾನ್ ಸುಮಾರು ಹೊತ್ತು ನಕ್ಕಳು. ನನಗೆ ನಗು ಬರಲಿಲ್ಲ.

ಬೆಲ್ಕಿಸ್ ಹಾನಿಮ್ ಹೆಸರು ಕೇಳಿದ್ದೇ ತಡ, ನೋಡೋಣ ಎನ್ನುವ ನನ್ನ ಗಂಡ ಎಲ್ಲಿ ಮಾಯವಾದರೋ. ದಿನ ಬಿಟ್ಟು ದಿನ ಫಿದಾನಳಿಗೆ ಫೋನು. ಆ ಹೆಂಗಸಿಗೆ ದೋಣಿಯಲ್ಲಿ ತಲೆ ಸುತ್ತುತ್ತದೆಯೇ? ಬೆಳಗಿನ ಬಿಸಿಲು ಬೀಳುವ ಕೋಣೆ ಬೇಕೋ, ಬೀಳದ ಕೋಣೆಯೋ? ನಸುಕಿನಲ್ಲಿ ಎಂಜಿನ್ ಸದ್ದು ಮಾಡಿದರೆ ನಿದ್ದೆ ಕೆಡುತ್ತದೆಯೇ? ಈಜು ಬರುತ್ತದೆಯೇ, ಬಾರದಿದ್ದರೆ ಮರಳು ತಳದ ಕೊಲ್ಲಿ ನೋಡಲೇ? ಹದಿನಾಲ್ಕು ಪ್ರಶ್ನೆ. ಎಣಿಸಿದ್ದೇನೆ. ಫಿದಾನ್ ಅವನ್ನೆಲ್ಲ ನನಗೆ ದಾಟಿಸುತ್ತಿದ್ದಳು. ಗಂಡ ಒಳಗಿನ ಕೋಣೆಯಲ್ಲಿ ಕೂತು ಕೇಳಿದ್ದಕ್ಕೆ ನಾನು ಅಂಗಳದಲ್ಲಿ ಬದನೆಕಾಯಿ ಸುಡುತ್ತಾ ಮರ್ಮಾರಿಸ್ ಮೂಲಕ ಉತ್ತರ ಕೊಡುತ್ತಿದ್ದೆ.

ಒಂದು ದಿನ ತಡೆಯಲಾಗದೆ ಕೇಳಿಯೇಬಿಟ್ಟೆ.

‘ಟಗರು ಗಾಳಿಯ ಬಾಲ ಇರೋ ವಾರ ಅಲ್ವೇನ್ರೀ ಅದು?’

‘ಇರ್ಲಿ ಬಿಡು. ಬೆಂಜಿಕ್ ಕೊಲ್ಲಿಯೊಳಗೆ ಹೋಗಿ ಕೂತ್ರೆ ಯಾವ ಗಾಳಿಗೂ ಗೊತ್ತಾಗಲ್ಲ. ದೀಪ ಕೂಡ ಅಲ್ಲಾಡಲ್ಲ ಅಲ್ಲಿ.’

‘ಈ ಬೆಂಜಿಕ್ ಯಾವಾಗ ಹುಟ್ತು?’

‘ಏನು ಹಾಗಂದ್ರೆ?’

‘ಏನಿಲ್ಲ. ಊಟಕ್ಕೆ ಬನ್ನಿ.’

ಇವರು ಕೆಟ್ಟವರಲ್ಲ. ಅದೇ ದೊಡ್ಡ ತೊಂದರೆ. ಕುಡಿಯುವುದಿಲ್ಲ, ಬಯ್ಯುವುದಿಲ್ಲ. ಕಡಲ ತಳದ ಸ್ಪಾಂಜು ಕೀಳಲು ಮುಳುಗುತ್ತಿದ್ದ ಇವರ ತಂದೆ ಒಂದು ದಿನ ಮೇಲೆ ಬರಲಿಲ್ಲ. ಅಂದಿನಿಂದ ತಾಯಿಯನ್ನು ಇವರೇ ಸಾಕಿದರು. ಅತ್ತೆಯ ಕೊನೆಯ ಕಾಯಿಲೆಯಲ್ಲಿ ರಾತ್ರಿಯೆಲ್ಲ ಕಾಲೊತ್ತುತ್ತಾ ಕೂತಿದ್ದನ್ನು ನಾನೇ ನೋಡಿದ್ದೇನೆ. ಕೆಟ್ಟ ಗಂಡನಾದರೆ ಜಗಳ ಆಡಿ ಹಗುರಾಗಬಹುದು. ಇಂಥವರ ಜೊತೆ ಏನು ಮಾಡುವುದು? ಅತಿಥಿ ಎಂದರೆ ಇವರಿಗೆ ಪ್ರಾಣ. ನಾನು ಅತಿಥಿಯಲ್ಲ, ಮನೆಯವಳು. ಮನೆಯವಳಿಗೆ ಏನು ಬೇಕು ಎಂದು ಕೇಳುವುದು ಇವರಿಗೆ ಹೊಳೆಯುವುದೇ ಇಲ್ಲ.

ಬೆಲ್ಕಿಸ್ ಹಾನಿಮ್ ಹೊರಡಬೇಕಾದ ಸೋಮವಾರ ಬೆಳಿಗ್ಗೆ ಕೈಯಲ್ಲೊಂದು ಚೀಲ ಹಿಡಿದು ದೋಣಿಕಟ್ಟೆಗೆ ಬಂದೆ. ನಾನೇ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಇವರು ಹಲಗೆಯ ತುದಿಯಲ್ಲಿ ನಿಂತಿದ್ದರು.

‘ಬೆಲ್ಕಿಸ್ ಹಾನಿಮ್ ಬರೋ ಹೊತ್ತಾಯ್ತು. ಆ ಚೀಲ ಶಾಬಾನನ ಕೈಗೆ ಕೊಟ್ಟು ನೀನು ಮನೆಗೆ ಹೊರಡು.’

‘ಇದು ನನ್ನ ಬಟ್ಟೆ ಚೀಲ.’

‘ನಿನ್ನ ಬಟ್ಟೆ ಇಲ್ಲಿಗ್ಯಾಕೆ, ಸಾನಿಯೆ?’

‘ಬೆಲ್ಕಿಸ್ ಹಾನಿಮ್ ಹಾಕ್ಕೋಬೇಕಲ್ಲ. ಬೆಳಗಿನ ಬಿಸಿಲು ಬೀಳೋ ಕೋಣೆ ನನ್ನದು. ಈಜು ಬರಲ್ಲ, ತಲೆ ಸುತ್ತುತ್ತೋ ಇಲ್ವೋ ಗೊತ್ತಿಲ್ಲ. ಯಾರೂ ಕರ್ಕೊಂಡು ಹೋಗಿ ನೋಡಿಲ್ಲ.’

ಮೊದಲು ಅರ್ಥವಾದದ್ದು ಶಾಬಾನನಿಗೆ. ಅವನು ಮೆಲ್ಲಗೆ ಅಡುಗೆಕೋಣೆಗೆ ಇಳಿದುಹೋದ. ಇವರ ಕಿವಿ ಕೆಂಪಾಯಿತು. ನನ್ನ ಬಾಯಿ ನಿಲ್ಲಲಿಲ್ಲ.

‘ಹದಿನಾಲ್ಕು ಪ್ರಶ್ನೆ ಕೇಳಿದ್ರಿ. ಮುಖಾನೇ ನೋಡದ ಹೆಂಗಸಿನ ಬಗ್ಗೆ. ಅದ್ರಲ್ಲಿ ಒಂದನ್ನಾದ್ರೂ ನನಗೆ ಕೇಳಿದ್ದೀರಾ?’

ಈಗೇನಾದರೂ ನೋಡೋಣ ಅಂದರೆ ಈ ಚೀಲವನ್ನು ಕಡಲಿಗೆ ಎಸೆದು ಮನೆಗೆ ಹೋಗುತ್ತೇನೆ, ಇನ್ನು ಜೀವವಿರುವ ತನಕ ಕೇಳುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಇಟ್ಟುಕೊಂಡೆ. ಇವರು ಕೈಚಾಚಿ ಚೀಲ ತೆಗೆದುಕೊಂಡರು.

‘ಹತ್ತು. ಮೊಣಕಾಲು ಜೋಪಾನ.’

ಹತ್ತಿದೆ. ಹಿಂಬದಿಯ ಮೆತ್ತೆಯ ಮೇಲೆ, ಅತಿಥಿಗಳು ಕೂರುವಲ್ಲಿ ಕೂತೆ. ಎಂಜಿನ್ ಶುರುವಾಯಿತು. ಲಂಗರು ಮೇಲೆ ಬಂತು. ಕಟ್ಟೆಗೆ ಕಟ್ಟಿದ ಹಗ್ಗ ಮಾತ್ರ ಬಿಚ್ಚಲಿಲ್ಲ. ಇವರು ಖಾಲಿ ಕಟ್ಟೆಯನ್ನೇ ದಿಟ್ಟಿಸುತ್ತಾ ನಿಂತಿದ್ದರು.

‘ಇನ್ನೇನು?’ ಅಂದೆ.

‘ನೀನು ಇಲ್ಲಿ ಕೂತ್ರೆ ನೀರು ಯಾರು ಚೆಲ್ಲೋದು?’

ನಮ್ಮ ಕಡೆ ಪ್ರಯಾಣ ಹೊರಟವರ ಹಿಂದೆ ಒಂದು ತಂಬಿಗೆ ನೀರು ಚೆಲ್ಲಬೇಕು, ನೀರಿನ ಹಾಗೆ ಸರಾಗ ಹೋಗಿ ನೀರಿನ ಹಾಗೆ ತಿರುಗಿ ಬರಲಿ ಎಂದು. ನಾನು ಚೆಲ್ಲದೆ ಇವರು ಎಂದೂ ಹಗ್ಗ ಬಿಚ್ಚಿದವರಲ್ಲ. ನನಗೆ ಅಳು ಬರುವಷ್ಟು ಸಿಟ್ಟು ಬಂತು.

‘ನಾನು ಇಳಿಯಲ್ಲ. ಹಗ್ಗ ಬಿಚ್ಚಿದ್ರೆ ಬಿಚ್ಚಿ, ಬಿಟ್ರೆ ಬಿಡಿ. ವಾರವೆಲ್ಲ ಇಲ್ಲೇ ಕಟ್ಟಿಹಾಕ್ಕೊಂಡಿದ್ರೂ ಸರಿ, ಇಳಿಯಲ್ಲ.’

ಇವರು ನನ್ನನ್ನೊಮ್ಮೆ ನೋಡಿದರು. ಶಾಬಾನನನ್ನು ಕರೆದು ಚುಕ್ಕಾಣಿ ಹಿಡಿಸಿ, ಹಲಗೆ ದಾಟಿ ತಾವೇ ಕಟ್ಟೆಗೆ ಇಳಿದರು. ಹಲಗೆ ಮೇಲೆತ್ತಿಸಿದರು. ಹಗ್ಗಗಳನ್ನು ಬಿಚ್ಚಿ ದೋಣಿಗೆ ಎಸೆದರು. ನಲ್ಲಿಯಲ್ಲಿ ತಂಬಿಗೆ ತುಂಬಿಕೊಂಡು ಬಂದು, ‘ನಿಧಾನಕ್ಕೆ ಮುಂದೆ ಬಿಡೋ’ ಅಂದರು. ನಾಜ್ಲಿ ನಾಲ್ಕು ಮಾರು ಸರಿಯಿತು. ಆ ಬಿಳಿ ಅಂಗಿಯ ಮನುಷ್ಯ ಕಟ್ಟೆಯಂಚಿಗೆ ಬಂದು ನನ್ನ ಹಿಂದೆ ನೀರು ಚೆಲ್ಲಿದರು. ಆಮೇಲೆ ಕಟ್ಟೆಗೆ ಕಟ್ಟಿದ್ದ ಸಣ್ಣ ದೋಣಿಗೆ ಇಳಿದು, ಏದುಸಿರು ಬಿಡುತ್ತಾ ನಮ್ಮ ಹಿಂದೆ ಹುಟ್ಟು ಹಾಕತೊಡಗಿದರು.

ಆ ನೀರನ್ನು ಮೂವತ್ತೊಂದು ವರ್ಷ ಚೆಲ್ಲಿದ್ದೆ. ಚೆಲ್ಲಿಸಿಕೊಂಡವರಿಗೆ ಹೇಗಿರುತ್ತದೆ ಎಂದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.