ಹಸಿರು ಪರದೆಯ ಹಿಂದೆ

ಗೆಲುವಿನ ಗೆರೆ ಕಣ್ಣಳತೆಯಲ್ಲಿರುವಾಗಲೇ ಕುದುರೆಯ ಮುಂಗಾಲು ಮುರಿಯಿತು. ಮೂರೇ ಕಾಲೂರಿ ನಡುಗುತ್ತ ನಿಂತಿತು. ಸಿಂಧನೂರಿನಿಂದ ಮಸ್ಕಿಗೆ ಹೊರಟ ಬಸ್ಸಿನಲ್ಲಿ ಮೊಬೈಲ್ ಹಿಡಿದು ರೇಸ್ ನೋಡುತ್ತಿದ್ದ ನಾನು ಹಾಗೇ ಕುಳಿತುಬಿಟ್ಟೆ. ನಾನು ಬಹಳ ಮೆಚ್ಚಿದ್ದ ಹೆಣ್ಣು ಕುದುರೆ ಅದು. ನಾಲ್ಕಾರು ಜನ ಓಡಿಬಂದು ಸುತ್ತಲೂ ಹಸಿರು ಪರದೆ ಹಿಡಿದರು. ಅಂಥ ಕಾಲು ಮತ್ತೆ ಕೂಡುವುದಿಲ್ಲ. ಪರದೆಯ ಹಿಂದೆ, ನೋವಿಲ್ಲದೆ ಸಾಯಲೆಂದು, ಕೊನೆಯ ಇಂಜೆಕ್ಷನ್ ಕೊಡುತ್ತಾರೆ.

ಪಕ್ಕದಲ್ಲಿದ್ದ ಕುರಿ ಕಾಯುವ ಅಜ್ಜಿ ಆಗಷ್ಟೇ ಎಚ್ಚರಗೊಂಡು ಮೊಬೈಲಿನತ್ತ ಬಾಗಿದರು.

"ಕುದುರಿ ಮರಿ ಹಾಕಾಕತ್ತೈತೇನಪಾ? ನಾವೂ ಹಾದ್ಯಾಗ ಕುರಿ ಈಯಾಕತ್ತಿದ್ರ ಹಿಂಗ ಕಂಬಳಿ ಅಡ್ಡ ಹಿಡೀತೀವಿ, ಮಂದಿ ಕಣ್ಣು ಬೀಳಬಾರ್ದಂತ."

"ಹೂನಬೇ" ಎಂದಷ್ಟೇ ಹೇಳಿದೆ.

ಬಳಗಾನೂರಿನಲ್ಲಿ ಇಳಿಯುವ ಮೊದಲು ಅವರು ಆ ಪರದೆಗೆ ಕೈಮುಗಿದು, "ಸಲೀಸ ಆಗ್ಲಿ, ತಾಯಿ" ಎಂದರು.

ಪರದೆ ಸರಿದಾಗ ಹುಲ್ಲಿನ ಮೇಲೆ ಏನೂ ಇರಲಿಲ್ಲ. ವಿಡಿಯೊದ ಕೆಳಗೆ ಯಾರ‍್ಯಾರೋ ಒಡೆದ ಹೃದಯದ ಚಿತ್ರ ಹಾಕುತ್ತಿದ್ದರು. ಅವುಗಳ ನಡುವೆಯೇ ಒಬ್ಬ, ಮುಂದಿನ ರೇಸ್ ಎಷ್ಟೊತ್ತಿಗೆ ಎಂದು ಕೇಳಿದ್ದ. ಆ ಕುದುರೆಯನ್ನು ಹರಸಿ ಕಳಿಸಿದವರು ಅಜ್ಜಿಯೊಬ್ಬರೇ. ಅವರ ಸೀಟು ಮಸ್ಕಿಯವರೆಗೂ ಖಾಲಿಯೇ ಇತ್ತು.